ಒಂದೇ ಹಂಡೆಗೆ ಪಟಿಕ, ಸುಣ್ಣ

ಹದಿನಾಲ್ಕನೇ ತಾರೀಖು, ಮಂಗಳವಾರ.

ಓರಗಿತ್ತಿ ಗೆದ್ದಳು. ಗೆಲ್ಲಿಸಿದವಳು ನಾನೇ. ಹೊಟ್ಟೆಯ ಉರಿ ಇನ್ನೂ ಆರಿಲ್ಲ.

ಪಟಿಕದ ನೀರಿಗೆ ಸುಣ್ಣದ ತಿಳಿ ಬೆರೆಸಿ, ಬಟ್ಟೆಯ ಕೆಂಪು ಬಣ್ಣ ಬಿಡದ ಹಾಗೆ ಮಾಡಿದ್ದಕ್ಕೆ ಅವಳು ಪೇಟೆಂಟ್ ಕೇಳಿದ್ದಳು. ಒಂದು ಹಳೇ ಪುಸ್ತಕದಲ್ಲಿ ಪಟಿಕ ಇದೆ, ಇನ್ನೊಂದರಲ್ಲಿ ಸುಣ್ಣ ಇದೆ, ಎರಡನ್ನೂ ಬೆರೆಸೋದು ಯಾರಿಗಾದರೂ ಹೊಳೆಯುತ್ತೆ ಅಂತ ಪೇಟೆಂಟ್ ಕಚೇರಿಯವರು ತಳ್ಳಿಹಾಕಿದ್ದರು. ಇವತ್ತು ಮೇಲ್ಮನವಿ. ನಾನು ಅವಳ ಸಾಕ್ಷಿ.

"ನೀವೂ ಅದೇ ಮನೆಯಲ್ಲಿ ಬಟ್ಟೆಗೆ ಬಣ್ಣ ಹಾಕಿದವರು. ನಿಮಗೂ ಹೊಳೀತಿತ್ತು ಅಲ್ಲವೇನಮ್ಮ?" ಅಂದರು ಕಚೇರಿಯ ವಕೀಲರು.

ಹೌದು ಅಂದುಬಿಟ್ಟಿದ್ದರೆ ಅವಳ ಕಥೆ ಮುಗೀತಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ದೇವರ ಮೇಲೆ ಆಣೆ ಇಟ್ಟಿದ್ದೆನಲ್ಲ.

"ಇಲ್ಲ ಸ್ವಾಮಿ. ಎರಡನ್ನೂ ಒಂದೇ ಹಂಡೆಗೆ ಹಾಕಿದರೆ ಬಣ್ಣ ಕೆಡುತ್ತೆ ಅಂತ ನಮ್ಮತ್ತೆ ಹೇಳಿದ್ದರು. ಬಣ್ಣದ ಕೆಲಸದವರೆಲ್ಲ ಹಾಗೇ ನಂಬಿದ್ದೆವು. ನಾನು ಬೆರೆಸಲೇ ಇಲ್ಲ."

"ಕಸುಬಿನವರೇ ಬೇಡ ಅಂತಿದ್ದದ್ದು ಯಾರಿಗಾದರೂ ಹೊಳೆಯುತ್ತೆ ಅನ್ನೋದು ಹೇಗೆ?" ಅಂದರು ನ್ಯಾಯಾಧೀಶರು. ಅಲ್ಲಿಗೆ ತೀರ್ಮಾನವಾಯಿತು.

ಅತ್ತೆ ಮಾತು ಮೀರದ ಸೊಸೆ ಅಂತ ಎಲ್ಲರೂ ಹೊಗಳಿದ್ದು ನನ್ನನ್ನ. ಮೀರಿದವಳಿಗೆ ಪೇಟೆಂಟ್. ನಾನು ತಲೆ ತಗ್ಗಿಸಿ ನಡೆದದ್ದೇ ಅವಳಿಗೆ ಪುರಾವೆಯಾಯಿತು.

ಬಸ್ಸಿನಲ್ಲಿ ಕೈ ಹಿಡಿದು, "ಅಕ್ಕ, ನೀವಿಲ್ಲದಿದ್ರೆ ಸೋಲ್ತಿದ್ದೆ" ಅಂತ ಅತ್ತಳು. ತಾನೇ ಬಣ್ಣ ಹಾಕಿದ ಕೆಂಪು ಶಾಲು ಹೊದಿಸಿದಳು.

"ಸಾಕು ಬಿಡೇ, ಜನ ನೋಡ್ತಾರೆ" ಅಂದೆ.

ಮನೆಗೆ ಬಂದವಳೇ ಆ ಶಾಲಿಗೆ ಸೋಪು ಹಚ್ಚಿ ತಿಕ್ಕಿದೆ, ಚೂರಾದರೂ ಬಣ್ಣ ಬಿಡಲಿ ಅಂತ. ದೇವರೇ, ನೀರು ತಿಳಿಯಾಗೇ ಇತ್ತು.

ನಾಳೆ ಬಿಸಿನೀರಲ್ಲಿ ಹಾಕಿ ನೋಡಬೇಕು.