ಸೊಂಟದೆತ್ತರದ ಒಂದು ಗಾಯ

ಕತ್ತಲತೋಟ,
2194ರ ಜೂನ್ 31

ಪೂಜ್ಯ ಮಲ್ಲೇಶಪ್ಪಜ್ಜನವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗನ ಮರಿಮಗಳು ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ಕಾಗದವನ್ನು ಎಸೆಯಬೇಡಿ. ನಮ್ಮ ಕಾಲದ ಜೂನ್‌ಗೆ ಒಂದು ದಿನ ಹೆಚ್ಚು ಸೇರಿಸಿದ್ದಾರೆ. ಆ ದಿನ ಯಾರೂ ದುಡಿಯುವುದಿಲ್ಲ, ಹಿಂದೋಲೆ ಬರೆಯುತ್ತಾರೆ. ಹಿಂದೋಲೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಹತ್ತು ವರ್ಷಕ್ಕೊಮ್ಮೆ ಒಂದು ಊರಿಗೆ ಒಂದೇ ಹಾಳೆ ಸಿಗುತ್ತದೆ. ಒಬ್ಬ ಮನುಷ್ಯ ಒಂದು ದಿನದಲ್ಲಿ ಮಾಡಿ ಮುಗಿಸಬಹುದಾದ ಒಂದೇ ಕೆಲಸವನ್ನು ಕೇಳಬಹುದು. ಏನು ಕೇಳಬೇಕೆಂದು ಊರಿನವರು ಹದಿನೇಳು ದಿನ ಜಗಳವಾಡಿ, ಸುಸ್ತಾಗಿ, ಹಾಳೆಯನ್ನು ನನ್ನ ಅಜ್ಜಿ ಶಿವಗಂಗವ್ವನ ಕೈಗೆ ಕೊಟ್ಟರು. ಅಜ್ಜಿ ನನ್ನ ಮುಂದಿಟ್ಟಳು. "ಸಾಹಿತ್ಯ ಓದೀಯಲ್ಲ, ಬರಿ. ಎದುರಿಗೆ ನಿಂತು ಮಾತಾಡಾಕ ನಿನಗ ನಾಚಿಕಿ. ಆ ಅಜ್ಜ ನೂರಾ ಅರವತ್ತೆಂಟು ವರ್ಷ ದೂರದಾಗ ಅದಾನ, ಅವನ ಮುಂದ ಏನು ನಾಚಿಕಿ?"

ಹಾಗಾಗಿ ನೇರವಾಗಿ ಕೇಳುತ್ತೇನೆ. ಎಕರೆಗೆ ಆರುನೂರ ಎಪ್ಪತ್ತನಾಲ್ಕು ಮಾವಿನ ಸಸಿ ನೆಟ್ಟವರು ನೀವು. ಸಾಲಿನಿಂದ ಸಾಲಿಗೆ ಮೂರು ಮೀಟರು, ಗಿಡದಿಂದ ಗಿಡಕ್ಕೆ ಎರಡು. ಇಷ್ಟು ಒತ್ತಾಗಿ ನೆಟ್ಟರೆ ಪ್ರತಿವರ್ಷ ಕೊಯ್ಲು ಮುಗಿದ ಕೂಡಲೇ ಕೊಂಬೆ ಸವರಬೇಕೆಂದು ತೋಟಗಾರಿಕೆ ತರಬೇತಿಯಲ್ಲಿ ನಿಮಗೆ ಹೇಳಿಕೊಟ್ಟಿದ್ದರು. ಹೇಳಿಕೊಟ್ಟದ್ದಕ್ಕೆ ನಿಮ್ಮ ದಿನಚರಿಯೇ ಸಾಕ್ಷಿ, ಅದು ನಮ್ಮ ಮನೆಯಲ್ಲಿದೆ. ತರಬೇತಿಯ ದಿನ ನೀವು ಬರೆದದ್ದು ಇಷ್ಟು: "ಊಟಕ್ಕೆ ಗೋಧಿ ಹುಗ್ಗಿ ಇತ್ತು, ಮೇಲೆ ತುಪ್ಪ. ಮಧ್ಯಾಹ್ನ ಸವರುವ ವಿಷಯ ಏನೋ ಹೇಳಿದರು." ಹುಗ್ಗಿಗೆ ಅರ್ಧ ಪುಟ, ಸವರುವುದಕ್ಕೆ ಒಂದು 'ಏನೋ'.

ಆಮೇಲಿನ ಪ್ರತಿ ಜೂನ್‌ನ ಪುಟವನ್ನೂ ಓದಿದ್ದೇನೆ. "ಚಿಗುರು ಹಸುಗೂಸಿನ ಅಂಗೈಯಂತಿದೆ, ಕತ್ತರಿ ಹಾಕಲು ಮನಸ್ಸಾಗಲಿಲ್ಲ. ಮುಂದಿನ ವರ್ಷ ನೋಡೋಣ." 2027ರಲ್ಲಿ, ಅಂದರೆ ನೀವಿನ್ನೂ ಬರೆಯದ ಪುಟದಲ್ಲಿ, "ಗಿಡಗಳು ಒಂದನ್ನೊಂದು ತಬ್ಬಿಕೊಂಡಿವೆ" ಎಂದು ಬರೆಯಲಿದ್ದೀರಿ. ವಾಕ್ಯ ಚೆನ್ನಾಗಿದೆ ಅಜ್ಜ. ಕೋಪ ಬರುವುದೇ ಅದಕ್ಕೆ. ಅವು ತಬ್ಬಿಕೊಂಡಿರಲಿಲ್ಲ, ಬಿಸಿಲಿಗಾಗಿ ಒಂದನ್ನೊಂದು ತುಳಿಯುತ್ತಿದ್ದವು.

ಈಗಿನ ಸ್ಥಿತಿ ಹೇಳುತ್ತೇನೆ. ಅರ್ಧಕ್ಕರ್ಧ ಮರ ಸತ್ತಿವೆ. ಉಳಿದವು ಐವತ್ತು ಅಡಿ ಎತ್ತರಕ್ಕೆ ಬೆಳೆದು, ನೆತ್ತಿಯ ಮೇಲೆ ಮಾತ್ರ ನಾಲ್ಕು ಕಾಯಿ ಬಿಡುತ್ತವೆ. ಅವನ್ನು ಗಿಳಿ ತಿನ್ನುತ್ತವೆ. ಕೆಳಗೆ ಬರೀ ಒಣಗಿದ ಕಡ್ಡಿ, ಬೂದಿರೋಗ, ಜಿಗಿಹುಳು. ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಿಡಿದು ಓಡಾಡುತ್ತೇವೆ. ಒಗೆದ ಬಟ್ಟೆ ಮೂರು ದಿನಕ್ಕೂ ಒಣಗುವುದಿಲ್ಲ, ಊರಿಗೆಲ್ಲ ಒಂದೇ ಮುಗ್ಗುಲು ವಾಸನೆ.

ನೀವೇ ಕತ್ತರಿಸಿಕೊಳ್ಳಿ ಎನ್ನಬಹುದು. ಸಾಧ್ಯವಿಲ್ಲ, ಯಾಕೆಂದರೆ ನಮ್ಮಲ್ಲಿ ನೆರಳುಪಾಲು ಎಂಬ ಪದ್ಧತಿಯಿದೆ. ಹೊರಗೆ ಬಿಸಿಲು ಚರ್ಮ ಸುಡುವಷ್ಟಾದ ಮೇಲೆ ಊರೇ ನಿಮ್ಮ ತೋಟದೊಳಗೆ ಬಂದು ನೆಲೆಸಿತು, ನೆರಳನ್ನು ಕೊಂಬೆಯ ಲೆಕ್ಕದಲ್ಲಿ ಮನೆಮನೆಗೆ ಹಂಚಿದರು. ಮದುವೆಯಲ್ಲಿ ಹೆಣ್ಣುಮಕ್ಕಳಿಗೆ ಕೊಂಬೆ ಕೊಡುತ್ತಾರೆ. ಒಂದು ರೆಂಬೆ ತೆಗೆಯಬೇಕಾದರೆ ಅದರಡಿ ಪಾಲಿರುವ ಅಷ್ಟೂ ಮನೆಯವರು ಹೆಬ್ಬೆಟ್ಟು ಒತ್ತಬೇಕು. ಇವತ್ತಿನವರೆಗೆ ಒಂದು ರೆಂಬೆಗೂ ಅಷ್ಟು ಹೆಬ್ಬೆಟ್ಟು ಕೂಡಿಲ್ಲ.

ಅಜ್ಜಿಯ ಪಾಲಿನ ಮರ ನಾಲ್ಕನೆಯ ಸಾಲಿನ ಏಳನೆಯದು, ಬಾವಿಯ ಪಕ್ಕದ್ದು. ಅದರ ಮೇಲಿನ ಒಂದು ಕೊಂಬೆ ನೆರೆಮನೆಯ ಪರಪ್ಪ ಕಾಕಾನದು. ಹೋದ ತಿಂಗಳು ಅಜ್ಜಿ ಗರಗಸ ಹಿಡಿದು ಹೊರಟಾಗ ಕಾಕಾ ಅಡ್ಡ ನಿಂತರು.

"ಒಂದು ಎಲಿ ಮುಟ್ಟಿದ್ರೂ ನೋಡ ಮತ್ತ, ಚಿಗವ್ವಾ. ಮಧ್ಯಾಹ್ನ ಎರಡರ ನೆರಳು ಅದು. ನನ್ನ ಹೇಂತಿ ತವರಿಂದ ತಂದಾಳ."

"ಹಂಗಾರ ಅದನ್ನ ಗಂಗಾಳದಾಗ ಹಾಕ್ಕೊಂಡು ಉಣ್ಣಪಾ. ಹಣ್ಣಂತೂ ಇಲ್ಲ."

ಇದೇ ಪರಪ್ಪ ಕಾಕಾ ಮೊನ್ನೆ ತೋಟವನ್ನೇ ಕಡಿಯುವ ಅರ್ಜಿಗೆ ಮೊದಲ ಹೆಬ್ಬೆಟ್ಟು ಒತ್ತಿದರು! ಮರ ಕಡಿದು ಇಡೀ ತೋಟಕ್ಕೆ ತಗಡಿನ ಚಪ್ಪರ ಹಾಕಿಸುತ್ತಾರಂತೆ. ಹೆದರುತ್ತಲೇ ಹೋಗಿ ಕೇಳಿದೆ, ರೆಂಬೆ ಬೇಡವೆಂದವರು ಬುಡಕ್ಕೇ ಹೇಗೆ ಒಪ್ಪಿದಿರಿ ಎಂದು. "ರೆಂಬಿ ತಗದ್ರ ನನ್ನೊಬ್ಬನ ನೆರಳು ಹೊಕ್ಕೈತಿ ತಂಗಿ. ಬುಡ ತಗದ್ರ ಎಲ್ಲಾರದೂ ಹೊಕ್ಕೈತಿ, ಮತ್ತ ಸಮಾ ತಗಡು ಬರತೈತಿ. ತಗಡಿಗೆ ಜಿಗಿಹುಳ ಹತ್ತೂದಿಲ್ಲ," ಎಂದರು. ಮನೆಗೆ ಬಂದ ಮೇಲೆ ಆರು ಉತ್ತರ ಹೊಳೆದವು.

ಸಭೆ ನಾಡಿದ್ದು, ಜುಲೈ ಎರಡಕ್ಕೆ. ಅಜ್ಜಿ ಒಂದೇ ಷರತ್ತು ಒಪ್ಪಿಸಿದ್ದಾಳೆ: ತೋಟದ ಯಾವುದೇ ಒಂದು ಮರ ಕೈಗೆಟುಕುವ ಎತ್ತರದಲ್ಲಿ ಹಣ್ಣು ಬಿಟ್ಟದ್ದನ್ನು ತೋರಿಸಿದರೆ ಕಡಿಯುವುದು ನಿಲ್ಲುತ್ತದೆ, ಉಳಿದ ಮರಗಳನ್ನೂ ಸವರಲು ಎಲ್ಲರೂ ಹೆಬ್ಬೆಟ್ಟು ಒತ್ತುತ್ತಾರೆ. ಊರು ನಕ್ಕು ಒಪ್ಪಿಕೊಂಡಿತು. ಅಂಥ ಮರ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಅದನ್ನು ಮಾಡಬೇಕಾದವರು ನೀವು.

ಆದ್ದರಿಂದ ದಯವಿಟ್ಟು ನಿಮ್ಮ 2026ರ ಜೂನ್‌ನಲ್ಲಿ, ಕಾಯಿ ಇಳಿಸಿದ ವಾರದೊಳಗೆ, ನಾಲ್ಕನೆಯ ಸಾಲಿನ ಏಳನೆಯ ಗಿಡದ ಹತ್ತಿರ ಹೋಗಿ. ನೆಟ್ಟಗೆ ಆಕಾಶಕ್ಕೆ ಹೊರಟ ನಡುಗೊಂಬೆಯನ್ನು ಸೊಂಟದೆತ್ತರಕ್ಕೆ ಕತ್ತರಿಸಿ. ಹೊರಗೆ ಮುಖ ಮಾಡಿದ ಮೂರು ಕೊಂಬೆ ಉಳಿಸಿ, ಒಳಗೆ ಬೆಳೆದದ್ದನ್ನು ತೆಗೆಯಿರಿ. ನಡುವೆ ನಿಂತು ಮೇಲೆ ನೋಡಿದರೆ ನಿಮ್ಮ ಮುಖದ ಮೇಲೆ ಬಿಸಿಲು ಬೀಳಬೇಕು. ಗಾಯಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚಿ. ಆಗಸ್ಟ್‌ಗೆ ತಳ್ಳಬೇಡಿ, ತಡವಾದರೆ ಮರುವರ್ಷದ ಹೂವು ಹೋಗುತ್ತದೆ, ಹೂವು ಹೋದರೆ ನೀವು ಮತ್ತೆಂದೂ ಕತ್ತರಿ ಮುಟ್ಟುವುದಿಲ್ಲ. ನಿಮ್ಮನ್ನು ಪುಟಪುಟವಾಗಿ ಬಲ್ಲೆ. ಕತ್ತರಿಸಿದ ಮರವನ್ನು ನೋಡಿದ ನಿಮ್ಮ ಮಕ್ಕಳು ಅದನ್ನು ಕತ್ತರಿಸುತ್ತಲೇ ಹೋಗುತ್ತಾರೆ, ಅಷ್ಟು ನಂಬಿಕೆ ನನಗಿದೆ. ಮತ್ತೆ, ಆ ದಿನ ದಿನಚರಿ ಬರೆಯಬೇಡಿ. ಬರೆಯಲು ಕುಳಿತರೆ ನಿಮಗೆ ಚಿಗುರಿನ ಮೇಲೆ ಕನಿಕರ ಹುಟ್ಟುತ್ತದೆ.

ಸಂಜೆ ಐದಕ್ಕೆ ಈ ಹಾಳೆ ಹೊರಡುತ್ತದೆ. ನಾಳೆ ಬೆಳಿಗ್ಗೆ ಅಜ್ಜಿ, ನಾನು ದೀಪ ಹಿಡಿದು ಬಾವಿಯ ಹತ್ತಿರ ಹೋಗುತ್ತೇವೆ. ಸೊಂಟದೆತ್ತರಕ್ಕೆ ಕೈಯಾಡಿಸಿ, ಮಾಗಿದ ಗಾಯದ ಗಂಟು ಸಿಗುತ್ತದೆಯೇ ಎಂದು ನೋಡುತ್ತೇವೆ. ಅಜ್ಜಿ ಆಗಲೇ ಬುಟ್ಟಿ ತೊಳೆದಿಟ್ಟಿದ್ದಾಳೆ. ಕಾಯಿ ಕೀಳುವ ಉದ್ದನೆಯ ಗಳವನ್ನು ನಾನು ಹೊರಗೆ ತಂದಿಟ್ಟರೆ ಬೈದು ಒಳಗಿಡಿಸಿದಳು.

ದೀಪ ಬೇಕಾಗದಿರಲಿ ಅಜ್ಜ.

ನೀಲಾಂಬಿಕೆ