ಕಳ್ಳಿ ಹಣ್ಣಿನ ಕೆಂಪು

ಮಾರ್ಚ್ ೯, ಭಾನುವಾರ

ತಮ್ಮನಿಗೆ,

ಎಲ್ಲರೂ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಮೂರು ಕಾಗದಗಳಿಗೆ ಉತ್ತರ ಬರೆಯಲಿಲ್ಲ, ಕ್ಷಮೆ ಕೇಳಬೇಕು. ಕೇಳಲು ಮನಸ್ಸಿಲ್ಲ. ಪೆನ್ನು ಹಿಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಅಮ್ಮನ ಆಪರೇಷನ್ ಮುಗಿಯಿತು. ಮೂತ್ರಕೋಶದ ಗಡ್ಡೆ ತೆಗೆದಿದ್ದಾರೆ, ಪೂರ್ತಿ ಬಂದಿಲ್ಲವಂತೆ. "ಮೂತ್ರ ಕೆಂಪಗೆ ಹೋಗೋಕೆ ಶುರುವಾಗಿ ಐದು ತಿಂಗಳಾಯ್ತು ಅಂತೀರಿ. ಮನೇಲಿ ಯಾರೂ ಗಮನಿಸ್ಲಿಲ್ವಾ?" ಎಂದು ಡಾಕ್ಟರು ನನ್ನನ್ನು ಕೇಳಿದರು. "ತಮ್ಮ ಕಳ್ಳಿ ಹಣ್ಣಿನ ಶರಬತ್ತು ಮಾಡಿ ಮಾರ್ತಾನೆ. ಅಮ್ಮನಿಗೂ ಬಾಟಲಿಗಟ್ಟಲೆ ಕಳಿಸ್ತಿದ್ದ. ಅದರ ಬಣ್ಣ ಅಂದ್ಕೊಂಡ್ವಿ" ಅಂದೆ. ಅವರು ಹಣೆ ಚಚ್ಚಿಕೊಂಡರು.

ಆ ಬಾಟಲಿಯ ಚೀಟಿ ಈಗ ನನ್ನ ಮುಂದಿದೆ. "ಹೂವಿನಲ್ಲಿ ಫ್ಲೇವನಾಯ್ಡ್, ಹಣ್ಣಿನಲ್ಲಿ ಬೀಟಲೈನ್, ಸಕಲ ರೋಗಕ್ಕೂ ರಾಮಬಾಣ." ಮೊದಲೆರಡನ್ನು ನನ್ನ ಲ್ಯಾಬಿನ ವರದಿಯಿಂದ ಕದ್ದೆ, ಮೂರನೆಯದು ನಿನ್ನ ತಲೆಯಲ್ಲಿ ಹುಟ್ಟಿದ್ದು. ಬೀಟಲೈನ್ ಅಂದರೆ ಬಣ್ಣ ಕಣೋ, ಬೀಟ್‌ರೂಟಿನಲ್ಲಿರುವ ಅದೇ ಕೆಂಪು. ಕೆಲವರಿಗೆ ಮೂತ್ರದಲ್ಲೂ ಹಾಗೇ ಇಳಿದುಬಿಡುತ್ತದೆ. ಹೂವಿನ ಫ್ಲೇವನಾಯ್ಡ್ ಎಂಬ ಸತ್ವ ಗಾಜಿನ ನಳಿಕೆಯೊಳಗೆ ಒಳ್ಳೆಯ ಕೆಲಸ ಮಾಡಿತು ಎಂದು ಬರೆದವಳೂ ನಾನೇ. ಅಮ್ಮ ಏನು ಗಾಜಿನ ನಳಿಕೆಯೇ?

"ಔಷಧಿ ಅಂತ ಕೊಡ್ಲಿಲ್ಲ ಅಕ್ಕ, ಪ್ರೀತಿಗೆ ಕೊಟ್ಟೆ" ಎಂದು ಗೋಗರೆದಿದ್ದೀಯ. ನಿನ್ನ ಪ್ರೀತಿಗಿಷ್ಟು ಬೆಂಕಿ ಹಾಕ! ಚಿಕ್ಕಪ್ಪನಿಗೂ ಅತ್ತೆಗೂ ಎಲ್ಲ ಹೇಳಿದ್ದೇನೆ. ಆಸ್ಪತ್ರೆಯ ಕಡೆ ತಲೆ ಹಾಕಬೇಡ. ಅಮ್ಮ ಕಣ್ಣು ಬಿಟ್ಟ ಕೂಡಲೇ ನಿನ್ನನ್ನೇ ಕೇಳಿದಳು. ಊರಲ್ಲಿಲ್ಲ ಅಂದೆ.

ದೊಡ್ಡವಳಾಗಿ ಹರಸಬೇಕಲ್ಲ. ನಿನ್ನ ಹೆಂಡತಿ, ಮಗಳು ಚೆನ್ನಾಗಿರಲಿ. ನೀನೂ ಚೆನ್ನಾಗಿರು, ದೂರದಲ್ಲಿ.

ಅಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಮೊದಲ ಸಲ ಕೆಂಪಗೆ ಹೋದಾಗ ಅಮ್ಮ ಫೋನ್ ಮಾಡಿದ್ದು ನನಗೆ. ಲ್ಯಾಬಿನಲ್ಲಿ ಕೆಲಸ ಮೈಮೇಲೆ ಬಿದ್ದಿತ್ತು. "ಹಣ್ಣಿನ ಬಣ್ಣ ಅಮ್ಮ, ಹೆದರ್ಬೇಡ" ಅಂದೆ. "ಶರಬತ್ತು ಬಿಟ್ಟು ಹದಿನೈದು ದಿನ ಆಯ್ತಲ್ಲೇ, ಬಾಯಿಗೆ ಹಿಡಿಸ್ಲಿಲ್ಲ. ಅವನಿಗೆ ಹೇಳ್ಬೇಡ, ನೊಂದ್ಕೋತಾನೆ" ಅಂದಳು. "ಆದ್ರೂ ಅದೇ ಇರುತ್ತೆ" ಎಂದು ಫೋನ್ ಇಟ್ಟೆ. ಆ ಬಣ್ಣ ಎರಡು ದಿನದಲ್ಲಿ ಹೋಗಿಬಿಡುತ್ತದೆ, ನನಗದು ಗೊತ್ತಿತ್ತು. ನನ್ನ ಮಾತು ನಂಬಿ ಅಮ್ಮ ಐದು ತಿಂಗಳು ಸುಮ್ಮನಿದ್ದಳು.

ನಾನು ಹೀಗಂದದ್ದನ್ನು ಅವಳು ಯಾರಿಗೂ ಹೇಳಿಲ್ಲ. "ಅವನನ್ನ ಬಯ್ಬೇಡ ಕಣೇ" ಎಂದು ನಿನ್ನೆ ನನ್ನ ಕೈ ಹಿಡಿದುಕೊಂಡಳು, ಅಷ್ಟೇ.

ಹನ್ನೊಂದನೇ ವಾರ್ಡು. ಸಂಜೆ ನಾಲ್ಕಕ್ಕೆ ಒಳಗೆ ಬಿಡುತ್ತಾರೆ.