ಬೂಬಣ್ಣನಿಗೆ ಎಲ್ಲಿ ಊಟ?

ಪಡೀಲ್, ಮಂಗಳೂರು
೧೨ ನವೆಂಬರ್ ೨೦೨೫

ಪ್ರೀತಿಯ ಮಗಳು ನತಾಶಾ,

ಹೇಗಿದ್ದೀಯಾ? ಆಸ್ಪತ್ರೆಯ ಡ್ಯೂಟಿ ಮುಗಿಸಿ ಊಟ ಮಾಡದೆ ಮಲಗುವ ಅಭ್ಯಾಸ ಬಿಟ್ಟೆಯೋ ಇಲ್ಲವೋ? ಸೊಂಟನೋವು ಕಡಿಮೆಯಾಯಿತೇ? ಫೋನಿರುವಾಗ ಈ ಮಮ್ಮಿಗೆ ಕಾಗದದ ಹುಚ್ಚು ಯಾಕೆ ಎಂದು ನಗಬೇಡ. ಪಕ್ಕದ ಮನೆಯ ಲಯನೆಲ್ ಕುವೈತಿಗೆ ಹೊರಟಿದ್ದಾನೆ, ಸಿಗಡಿ ಉಪ್ಪಿನಕಾಯಿಯ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತೇನೆ. ಫೋನು ಹಿಡಿದರೆ ನಿನ್ನ ಪಪ್ಪ ಕಿವಿಗೊಟ್ಟು ಪಕ್ಕದಲ್ಲೇ ನಿಂತಿರುತ್ತಾರೆ. ಅವರು ಕೇಳಬಾರದ ಒಂದು ಮಾತಿದೆ, ಕೊನೆಗೆ ಬರೆಯುತ್ತೇನೆ.

ಮೊದಲು ಸಂತೋಷದ ಸುದ್ದಿ. ಶನಿವಾರ ಬಲ್ಮಠದಲ್ಲಿ ಕಾಲೇಜು ಮಕ್ಕಳು ನಿನ್ನ ಪಪ್ಪನಿಗೆ ಸನ್ಮಾನ ಮಾಡಿದರು. ಊರಿಗೆ ಟೆಕ್ನೋ ಸಂಗೀತ ತಂದ ಮೊದಲಿಗ ಪಿಯುಸ್ ಎಂದು ದೊಡ್ಡ ಬ್ಯಾನರ್. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂತು. ಆ ಕಾಲದಲ್ಲಿ ಬಹರೈನಿನ ಕೆಲಸ ಬಿಟ್ಟು ಬರುವಾಗ ಚಿನ್ನದ ಸರ ತರುತ್ತಾರೆಂದು ಕಾದಿದ್ದ ನನಗೆ ಪೆಟ್ಟಿಗೆಯಲ್ಲಿ ಕಂಡದ್ದು ಗುಂಡಿಗಳಿರುವ ತಾಳದ ಮೆಷಿನು. ಬೆಂಗ್ರೆಯ ದೋಣಿ ಎಂಜಿನ್ನಿನ ಸದ್ದನ್ನು ಟೇಪಿಗೆ ಹಿಡಿದು, ಅದಕ್ಕೆ ಮೆಷಿನಿನ ತಾಳ ಸೇರಿಸಿ ಮದುವೆಗಳಲ್ಲಿ ಹಾಕಿದರೆ, ಸ್ಪೀಕರ್ ಹಾಳಾಯಿತಾ ಎಂದು ಕೇಳಿದವರೇ ಹೆಚ್ಚು. ಆಮೇಲೆ ಪಪ್ಪನ ಗೆಳೆಯ ಬೂಬಣ್ಣನ ಡೋಲು ಸೇರಿತು ನೋಡು, ಕುಣಿಯದೆ ಕೂರಲು ಯಾರಿಗೂ ಆಗಲಿಲ್ಲ.

ಆ ದೊಡ್ಡವರ ಮನೆಯ ಮದುವೆಯ ಕಥೆ ನಿನಗೆ ಗೊತ್ತೇ ಇದೆ. ಆದರೂ ಕಾರ್ಯಕ್ರಮ ನಡೆಸಿದ ಹುಡುಗಿ ಶಾಝಿಯಾ ವೇದಿಕೆಯಲ್ಲಿ ಅದನ್ನು ಹೇಳಿದಾಗ ನನ್ನ ಎದೆ ತುಂಬಿ ಬಂತು. ಮದುಮಕ್ಕಳು ಕುಣಿಯುತ್ತಿರುವಾಗ, ಡೋಲಿನ ಜಾತಿಯವರೆಂದು ಬೂಬಣ್ಣನಿಗೆ ಹಿಂದಿನ ಶೆಡ್ಡಿನಲ್ಲಿ ಎಲೆ ಹಾಕಿದ್ದಾರೆಂದು ಪಪ್ಪನಿಗೆ ತಿಳಿಯಿತು. “ಅವನ ಡೋಲು ಬೇಕು, ಅವನು ಬೇಡವಾ?” ಎಂದು ಸ್ಪೀಕರಿನ ವಯರ್ ಎಳೆದು ಹಾಕಿ ಹೊರಟೇ ಬಂದರು. ಆಮೇಲೆ ವರ್ಷಗಟ್ಟಲೆ ಒಂದು ಮದುವೆಗೂ ಯಾರೂ ಕರೆಯಲಿಲ್ಲ. ಸ್ಪೀಕರ್ ರಿಪೇರಿ ಮಾಡಿಯೇ ನಿನ್ನನ್ನು ನರ್ಸಿಂಗ್ ಓದಿಸಿದರು. ನಾನು ಬೈದಷ್ಟು ಅವರನ್ನು ಯಾರೂ ಬೈದಿರಲಿಕ್ಕಿಲ್ಲ.

ಮುಂದೆ ಅಪರೂಪಕ್ಕೆ ಯಾರು ಕರೆದರೂ ಪಪ್ಪನದ್ದು ಮೊದಲು ಒಂದೇ ಪ್ರಶ್ನೆ: “ಬೂಬನಿಗೆ ಎಲ್ಲಿ ಊಟ?” ಸನ್ಮಾನಕ್ಕೆ ಕರೆಯಲು ಬಂದ ಶಾಝಿಯಾಳನ್ನೂ ಅದನ್ನೇ ಕೇಳಿದರು. “ಎಂತ ಅಂಕಲ್, ಇದು ಕೇಳುವ ವಿಷಯವಾ? ನಮ್ಮೊಟ್ಟಿಗೇ” ಎಂದಳು. ಪಪ್ಪ ಕೂಡಲೇ ಒಪ್ಪಿಕೊಂಡರು. ಶನಿವಾರ ಮೆಷಿನು, ಡೋಲು ಎರಡೂ ಮತ್ತೆ ಶುರುವಾದ ಮೇಲೆ ಆ ಮಕ್ಕಳ ಕುಣಿತ ನೀನು ನೋಡಬೇಕಿತ್ತು. ಬೂಬಣ್ಣನ ಹೆಂಡತಿ ದೇಯಿ ನನ್ನನ್ನೂ ಎಳೆದುಕೊಂಡು ಹೋದಳು, ಮಂಡಿನೋವು ಎಲ್ಲಿ ಹೋಯಿತೋ ದೇವರೇ ಬಲ್ಲ. ಈಗ ಪಪ್ಪ ಜನವರಿಯ ನಿನ್ನ ಮದುವೆಗೆಂದು ಹೊಸ ತಾಳ ಕಟ್ಟುತ್ತಿದ್ದಾರೆ. ಬೂಬಣ್ಣನೂ ದಿನಾ ಸಂಜೆ ಬರುತ್ತಾರೆ, ಇಬ್ಬರ ಗಲಾಟೆಗೆ ನಮ್ಮ ಬೆಕ್ಕು ಮನೆ ಬಿಟ್ಟಿದೆ.

ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಓಡಾಡಲಿ, ದೇವರು ನಿನ್ನನ್ನು ನಗುನಗುತ್ತಾ ಇಟ್ಟಿರಲಿ. ಪಪ್ಪನ, ದೇಯಿಯ, ಬೂಬಣ್ಣನ ಪ್ರೀತಿ ನಿನಗೆ.

ನಿನ್ನ ಮಮ್ಮಿ,
ಮಗ್ದಲೀನ್

ತಾ.ಕ.: ಲಯನೆಲ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ನಿನ್ನ ಅತ್ತೆಯಾಗುವವರು ಫೋನು ಮಾಡಿದ್ದರು. ಸನ್ಮಾನದ ಸುದ್ದಿಯಲ್ಲಿ ಪೇಪರಿನಲ್ಲಿ ಇಬ್ಬರ ಹೆಸರೂ ಬಂದಿದೆಯಲ್ಲ, ಮದುವೆಗೆ ಪಪ್ಪ, ಬೂಬಣ್ಣ ಇಬ್ಬರೂ ನುಡಿಸಲೇಬೇಕಂತೆ. “ಡೋಲಿನವರ ಊಟ ಮಾತ್ರ ಹಿಂದೆ ಬೇರೆ ಇಡುವ, ನಮ್ಮ ಕಡೆ ದೊಡ್ಡ ಜನ ಬರ್ತಾರೆ” ಎಂದರು. ಬೂಬಣ್ಣ, ದೇಯಿ ಇಬ್ಬರೂ ಮೊದಲ ಮೇಜಿನಲ್ಲಿ ನನ್ನ ಪಕ್ಕ ಕೂರುತ್ತಾರೆ ಎಂದೆ. ಯೋಚಿಸಿ ಹೇಳುತ್ತೇನೆಂದು ಫೋನಿಟ್ಟರು. ಈ ಕಾಗದ ಸಿಕ್ಕಿದ ದಿನವೇ ನಿನ್ನ ಹುಡುಗನನ್ನು ಕೇಳು, ಅವನು ಏನು ಹೇಳುತ್ತಾನೆಂದು ನನಗೆ ಗೊತ್ತಾಗಬೇಕು. ಪಪ್ಪನಿಗೆ ಹೇಳಬೇಡ, ಅವರು ಖುಷಿಯಲ್ಲಿದ್ದಾರೆ. ಈ ಸಲ ವಯರ್ ಎಳೆಯಬೇಕಾಗಿ ಬಂದರೆ ನಾನೇ ಎಳೆಯುತ್ತೇನೆ.